‘ಹೊಸದು’ ಎಂಬ ಹೆಸರಿನ ಡಿಸ್ಕ್

ಭಾನುವಾರ ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ ನೀರು ಸರಬರಾಜು ಕಚೇರಿಯ ಯುನಿಕ್ಸ್ ಸರ್ವರನ್ನು ನಿಲ್ಲಿಸಲಾಯಿತು. ಅದಕ್ಕೆ ಹೊಸ ಡಿಸ್ಕ್ ಅರೇ ಒಂದನ್ನು ಜೋಡಿಸುವುದಿತ್ತು. ಡಿಸ್ಕ್ ಅರೇ ಎಂದರೆ ಹನ್ನೆರಡು ಡಿಸ್ಕುಗಳನ್ನು ಸಾಲಾಗಿ ಕೂರಿಸಿದ ಒಂದು ಉಕ್ಕಿನ ಪೆಟ್ಟಿಗೆ; ಸರ್ವರಿಗೆ ಅದು ಒಂದೇ ಡಿಸ್ಕಿನಂತೆ ಕಾಣುತ್ತದೆ. ತೂಕ ಇಪ್ಪತ್ತೆಂಟು ಕಿಲೋ. ಕೆಲಸ ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆಂದು ಅಂದಾಜು ಮಾಡಿದ್ದರು.

ಸರ್ವರ್ ಇದ್ದದ್ದು ಮೊದಲ ಮಹಡಿಯ ಮೂಲೆಯ ಕೋಣೆಯಲ್ಲಿ. ಹಿಂದೆ ಅಲ್ಲಿ ಕೆಟ್ಟುಹೋದ ನೀರಿನ ಮೀಟರುಗಳನ್ನು ತುಂಬಿಡುತ್ತಿದ್ದರು. ಗೋಡೆಯ ಮೇಲೆ ಕಪಾಟಿನ ಗುರುತುಗಳು ಇನ್ನೂ ಇದ್ದವು. ಎ.ಸಿ.ಯಿಂದ ತೊಟ್ಟಿಕ್ಕುವ ನೀರಿಗೆ ಕೆಳಗೊಂದು ಬಕೆಟ್ ಇಟ್ಟಿತ್ತು. ಊರಿಗೆಲ್ಲ ನೀರು ಕೊಡುವ ಕಚೇರಿ ತನ್ನ ಸೋರಿಕೆಯನ್ನು ಮಾತ್ರ ನಿಲ್ಲಿಸಿಕೊಳ್ಳಲಾರದು ಎಂಬ ಮಾತು ಆ ಬಕೆಟ್‌ನಿಂದಲೇ ಹುಟ್ಟಿದ್ದು.

ಸರ್ವರ್ ನೋಡಿಕೊಳ್ಳುವವನಿಗೆ ನಲವತ್ತೊಂದು ವರ್ಷ. ಹಗಲೆಲ್ಲ ಆ ಕೋಣೆಯಲ್ಲೇ ಬಿಡಾರ ಹೂಡಿದವನಂತೆ ಇರುತ್ತಿದ್ದುದರಿಂದ ಕಚೇರಿಯವರು ಅವನನ್ನು ಸರ್ವರಪ್ಪ ಎನ್ನುತ್ತಿದ್ದರು. ಒಮ್ಮೆ ಅವನ ಹೆಂಡತಿಯೇ ಕಚೇರಿಗೆ ಫೋನ್ ಮಾಡಿ, ಸರ್ವರಪ್ಪನವರು ಇದ್ದಾರಾ ಎಂದು ಕೇಳಿದ ಮೇಲೆ ಆ ಹೆಸರು ಖಾಯಂ ಆಯಿತು. ಅವನ ಜೊತೆಗಿದ್ದವಳು ಡಿಸ್ಕ್ ಅರೇ ಮಾರಿದ ಕಂಪನಿಯ ತಂತ್ರಜ್ಞೆ. ಹದಿನೈದು ವರ್ಷದ ಅನುಭವ, ಕಡಿಮೆ ಮಾತು. ಆ ಕಟ್ಟಡಕ್ಕೆ ಅವಳು ಬಂದದ್ದು ಅದೇ ಮೊದಲು.

ಸರ್ವರಿಗೆ ಆಗಲೇ ಎರಡು ಅರೇಗಳಿದ್ದವು. ಒಂದು ಸರ್ವರಿನ ಜೊತೆಯಲ್ಲೇ ಬಂದದ್ದು. ಇನ್ನೊಂದನ್ನು ಏಳು ವರ್ಷದ ಹಿಂದೆ, ಸರ್ವರಪ್ಪನಿಗಿಂತ ಮೊದಲು ಆ ಕುರ್ಚಿಯಲ್ಲಿದ್ದವರು ಸೇರಿಸಿದ್ದರು. ಅದರಲ್ಲಿ ಕಾಗದಪತ್ರ, ದೂರಿನ ಅರ್ಜಿಗಳ ಜೊತೆಗೆ ಮುನ್ನೂರ ತೊಂಬತ್ತೊಂದು ಹಾಳೆಗಳ ಒಂದು ನಕ್ಷೆಯೂ ಇತ್ತು. ಊರಿನ ನೆಲದಡಿಯ ಪ್ರತಿ ಕೊಳವೆ, ಪ್ರತಿ ವಾಲ್ವ್ ಎಲ್ಲಿದೆ ಎನ್ನುವ ನಕ್ಷೆ ಅದು. ಅದನ್ನು ಬರೆದವರು ಕಚೇರಿಯ ನಕ್ಷೆ ವಿಭಾಗದ ಹೆಂಗಸು. ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಆಕೆಯನ್ನು ನಕ್ಷೆಯಕ್ಕ ಎಂದೇ ಕರೆಯುತ್ತಿದ್ದರು.

ನಕ್ಷೆಯಕ್ಕನ ಮಾವ, ಅಂದರೆ ಗಂಡನ ತಂದೆ, ಅದೇ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ನೀರುಗಂಟಿಯಾಗಿದ್ದರು. ಬೆಳಿಗ್ಗೆ ಬೀದಿ ಬೀದಿಯ ವಾಲ್ವ್ ತಿರುಗಿಸಿ ನೀರು ಬಿಡುವುದು, ಸಂಜೆ ನಿಲ್ಲಿಸುವುದು ಅವರ ಕೆಲಸ. ಯಾವ ಕಲ್ಲಿನ ಕೆಳಗೆ ಯಾವ ವಾಲ್ವಿದೆ ಎನ್ನುವುದು ಅವರ ತಲೆಯಲ್ಲಿ ಮಾತ್ರ ಇತ್ತು. ಬರೆದಿಡಿ ಎಂದರೆ, ಬರೆದಿಟ್ಟರೆ ನೆನಪು ಸೋಮಾರಿಯಾಗುತ್ತದೆ ಎನ್ನುತ್ತಿದ್ದರು. ನಿವೃತ್ತಿಯಾದ ಮೇಲೆ ಆರು ವರ್ಷ, ಪ್ರತಿ ಶನಿವಾರ, ಮಾವ ಮುಂದೆ ಸೊಸೆ ಹಿಂದೆ ಬೀದಿ ಸುತ್ತಿದರು. ಮಾವ ಕೋಲಿನಿಂದ ನೆಲ ತಟ್ಟುವುದು, ಸೊಸೆ ಟೇಪು ಹಿಡಿದು ಅಳೆಯುವುದು, ಮಧ್ಯೆ ಮಧ್ಯೆ ಜಗಳ. ನಕ್ಷೆ ಮುಗಿದ ವರ್ಷವೇ ಮಾವ ತೀರಿಕೊಂಡರು. ಅದಾಗಿ ಮೂರು ವರ್ಷ.

ವಾಲ್ವ್‌ಗಳ ಹಾಳೆಗಳನ್ನು ಕಾಗದದ ಮೇಲೆ ಮುದ್ರಿಸುವಂತಿರಲಿಲ್ಲ. ಯಾರೋ ಒಮ್ಮೆ ಹಳೆಯ ಮುದ್ರಿತ ಹಾಳೆಯೊಂದನ್ನು ಹಿಡಿದುಕೊಂಡು ಹೋಗಿ, ಪಕ್ಕದ ಬಡಾವಣೆಯ ನೀರನ್ನು ತಮ್ಮ ಕಡೆಗೆ ತಿರುಗಿಸಿಕೊಂಡಿದ್ದರು. ಅಂದಿನಿಂದ ಮುಖ್ಯ ಎಂಜಿನಿಯರ್ ಮುದ್ರಣವನ್ನೇ ನಿಷೇಧಿಸಿದ್ದರು. ನಕ್ಷೆ ಇದ್ದದ್ದು ಏಳು ವರ್ಷದ ಆ ಅರೇಯಲ್ಲಿ. ಪ್ರತಿ ಶುಕ್ರವಾರ ಸರ್ವರಿನ ಫೈಲುಗಳನ್ನು ನಕಲು ಮಾಡಿಡುವ ಟೇಪಿನಲ್ಲೂ ಇದೆ ಎಂದು ಎಲ್ಲರೂ ತಿಳಿದಿದ್ದರು.

ಹೊಸ ಪೆಟ್ಟಿಗೆಯನ್ನು ಇಬ್ಬರೂ ಸೇರಿ ಎತ್ತಿ ಸರ್ವರ್ ಕೂತಿದ್ದ ಕಬ್ಬಿಣದ ಚರಣಿಗೆಗೆ ಸೇರಿಸಿದಾಗ ಎಂಟೂಮುಕ್ಕಾಲು. ಸರ್ವರಿನ ಬೆನ್ನು ಬಿಚ್ಚಿ ಹೊಸ ಕಾರ್ಡ್ ಹಾಕಿ, ಎರಡು ಕೇಬಲ್ ಎಳೆದು, ಮೊದಲು ಅರೇಗೆ ಕರೆಂಟು ಕೊಟ್ಟರು. ಹನ್ನೆರಡು ಹಸಿರು ದೀಪಗಳು ಹತ್ತಿಕೊಂಡ ಮೇಲೆ ಸರ್ವರ್ ಚಾಲೂ ಮಾಡಿದರು. ಎಲ್ಲವೂ ಕ್ರಮಪ್ರಕಾರವೇ ನಡೆಯಿತು. ಸರ್ವರಪ್ಪ ಇನ್ನೊಂದು ಮುನ್ನೆಚ್ಚರಿಕೆಯನ್ನೂ ತೆಗೆದುಕೊಂಡಿದ್ದ. ಕೆಲಸ ಮುಗಿಯುವವರೆಗೆ ಹಳೆಯ ಅರೇಗಳ ಫೈಲುಗಳನ್ನು ಯಾರೂ ಮುಟ್ಟದಿರಲೆಂದು, ಕೇಬಲ್ ಬಿಚ್ಚದೆ, ಆದೇಶ ಕೊಟ್ಟು ಅವನ್ನು ಬಳಕೆಯಿಂದ ಬಿಡಿಸಿ ಇಟ್ಟಿದ್ದ. ಆ ಮುನ್ನೆಚ್ಚರಿಕೆಯೇ ಕೈಕೊಟ್ಟಿತು. ಹಳೆಯ ಅರೇ ಬಳಕೆಯಲ್ಲಿದ್ದಿದ್ದರೆ, ಅದನ್ನು ಅಳಿಸಲು ಸರ್ವರನ್ನು ನಡೆಸುವ ತಂತ್ರಾಂಶ ಯುನಿಕ್ಸ್ ಒಪ್ಪುತ್ತಿರಲಿಲ್ಲ.

ಹತ್ತೂವರೆಯ ಹೊತ್ತಿಗೆ ಕೆಳಮಹಡಿಯ ಸ್ವಿಚ್ ಟ್ರಿಪ್ಪಾಗಿ ಹೊಸ ಅರೇಯ ಎರಡನೆಯ ಪ್ಲಗ್ಗಿಗೆ ಕರೆಂಟು ನಿಂತಿತು. ಒಂದು ಪ್ಲಗ್ಗಿನಲ್ಲೇ ಅರೇ ನಡೆಯುತ್ತಿತ್ತು. ಆದರೂ ಸರ್ವರಪ್ಪ ಎಲೆಕ್ಟ್ರಿಷಿಯನ್ನನ್ನು ಕರೆದುಕೊಂಡು ಕೆಳಗೆ ಹೋದ. ತಂತ್ರಜ್ಞೆ ಮೇಲೆ ಒಬ್ಬಳೇ ಉಳಿದಳು. ಸರ್ವರಿನ ಪರದೆಯ ಮೇಲೆ ಡಿಸ್ಕುಗಳ ಪಟ್ಟಿ ಬಂದಿತ್ತು. ಯುನಿಕ್ಸಿನಲ್ಲಿ ಡಿಸ್ಕಿಗೆ ಎಂಟು ಅಕ್ಷರ ಮೀರದ ಒಂದು ಹೆಸರು ಕೊಡಬಹುದು. ಏಳು ವರ್ಷದ ಹಿಂದೆ ಎರಡನೆಯ ಅರೇ ಬಂದಾಗ, ಹಿಂದಿನವರು ಅದಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಹೊಸದು’ ಎಂದು ಹೆಸರಿಟ್ಟಿದ್ದರು. ಆಗ ಅದು ಹೊಸದೇ ಆಗಿತ್ತು. ಆಮೇಲೆ ಯಾರೂ ಹೆಸರು ಬದಲಿಸಿರಲಿಲ್ಲ. ಅಂದು ಬೆಳಿಗ್ಗೆ ಬಂದ ಅರೇಯ ಮುಂದೆ ಹೆಸರೇ ಇರಲಿಲ್ಲ. ಗಾತ್ರ ನೋಡಿ ಗುರುತಿಸುವುದೂ ಸಾಧ್ಯವಿರಲಿಲ್ಲ. ಆ ಹಳೆಯ ಸರ್ವರ್ ಒಂದು ಟೆರಾಬೈಟಿಗಿಂತ ದೊಡ್ಡ ಡಿಸ್ಕನ್ನು ಗುರುತಿಸುತ್ತಿರಲಿಲ್ಲವಾದ್ದರಿಂದ ಎರಡನ್ನೂ ಒಂದೇ ಅಳತೆಗೆ ಕತ್ತರಿಸಲಾಗಿತ್ತು.

ತಂತ್ರಜ್ಞೆ ಊಹೆಯ ಮೇಲೆ ಕೆಲಸ ಮಾಡುವವಳಲ್ಲ. ಫೋನ್ ಮಾಡಿದಳು.

“ಸಾರ್, ಪಟ್ಟೀಲಿ ‘ಹೊಸದು’ ಅಂತ ಬಂದಿದೆ. ಅದಕ್ಕೇ ಅಲ್ವಾ ಫಾರ್ಮ್ಯಾಟ್ ಮಾಡೋದು?”

“ಮತ್ತೆ ಹಳೇದಕ್ಕೆ ಮಾಡ್ತಾರಾ ಮೇಡಂ? ಹೊಸದಕ್ಕೇ. ಶುರು ಮಾಡಿ, ಬಂದೆ.”

ಇದು ನಡೆದದ್ದು ಹತ್ತು ಐವತ್ತೊಂದಕ್ಕೆ. ಡಿಸ್ಕಿನ ಯಾವ ಭಾಗ ಎಲ್ಲಿಂದ ಎಲ್ಲಿಯವರೆಗೆ ಎನ್ನುವುದಕ್ಕೆ ವಿಂಗಡಣೆ ಎನ್ನುತ್ತಾರೆ; ಅವಳು ‘ಹೊಸದು’ ಎಂಬ ಡಿಸ್ಕಿನ ವಿಂಗಡಣೆಯನ್ನು ಅಳಿಸಿ ಹೊಸ ವಿಂಗಡಣೆ ಬರೆದಳು. ಖಾಲಿ ಫೈಲ್ ವ್ಯವಸ್ಥೆ ಕಟ್ಟಲು ಆದೇಶ ಕೊಟ್ಟಳು. ಕಟ್ಟಲೇ ಎಂದು ಯಂತ್ರ ಒಮ್ಮೆ ಕೇಳಿತು. ಹೌದು ಎಂದು ಉತ್ತರಿಸಿದಳು. ಪರದೆಯ ಮೇಲೆ ಅಂಕಿಗಳು ಓಡತೊಡಗಿದವು. ಮೆಟ್ಟಿಲು ಹತ್ತಿ ಬಂದ ಸರ್ವರಪ್ಪ ಬಾಗಿಲಲ್ಲೇ ನಿಂತು ಡಿಸ್ಕಿನ ಸಂಖ್ಯೆ ಓದಿದ. ಮೂರು ಹೆಜ್ಜೆಯಲ್ಲಿ ಕೀಬೋರ್ಡ್ ತಲುಪಿ ಕೆಲಸ ನಿಲ್ಲಿಸಿದ. ಅಷ್ಟರಲ್ಲಿ ಹದಿನಾಲ್ಕು ಸೆಕೆಂಡು ಕಳೆದಿತ್ತೆಂದು ಆಮೇಲೆ ದಾಖಲೆಯಿಂದ ತಿಳಿಯಿತು.

ತಂತ್ರಜ್ಞೆ ತನ್ನ ಫೋನ್ ತೆಗೆದು ಕರೆಯ ಸಮಯ ನೋಡಿದಳು, ಮತ್ತೆ ಜೇಬಿಗಿಟ್ಟಳು. ಸರ್ವರಪ್ಪ ಕಳೆದ ಶುಕ್ರವಾರದ ಟೇಪು ತಂದು ಹಾಕಿದ. ನಕಲು ಅರ್ಧಕ್ಕೇ ನಿಂತಿತ್ತು. ಅದರ ಹಿಂದಿನ ವಾರದ್ದೂ ಹಾಗೆಯೇ. ಫೈಲುಗಳು ಬೆಳೆದು ಟೇಪು ಸಾಲದೆ ಹೋಗಿ ಹದಿನಾಲ್ಕು ತಿಂಗಳಾಗಿತ್ತು. ನಕ್ಷೆಯ ಸರದಿ ಬರುವ ಮೊದಲೇ ಟೇಪು ಮುಗಿಯುತ್ತಿತ್ತು. ಇದ್ದ ಆರು ಟೇಪುಗಳನ್ನೇ ತಿರುಗಿಸಿ ತಿರುಗಿಸಿ ಬಳಸುತ್ತಿದ್ದುದರಿಂದ ಹಳೆಯ ಪೂರ್ಣ ಪ್ರತಿಯೂ ಉಳಿದಿರಲಿಲ್ಲ. ಟೇಪು ಸಾಲದು ಎಂದು ಸರ್ವರ್ ಪ್ರತಿ ವಾರವೂ ಮಿಂಚಂಚೆ ಕಳಿಸಿತ್ತು. ಆದರೆ ಆ ಅಂಚೆ ಹೋಗುತ್ತಿದ್ದದ್ದು, ನಾಲ್ಕು ವರ್ಷದ ಹಿಂದೆ ನಿವೃತ್ತರಾದ ಹಿಂದಿನವರ ಅಂಚೆಪೆಟ್ಟಿಗೆಗೆ.

ಹನ್ನೊಂದೂ ಇಪ್ಪತ್ತಕ್ಕೆ ನಕ್ಷೆಯಕ್ಕ ಬಂದರು. ಹೊಸ ಅರೇ ಸೇರಿದ ಮೇಲೂ ಹಾಳೆಗಳು ಸರಿಯಾಗಿ ತೆರೆಯುತ್ತವೆಯೇ ಎಂದು ನೋಡಲು ಅವರನ್ನು ಕರೆಸಲಾಗಿತ್ತು. ಕೈಯಲ್ಲಿ ಮೂರು ಜನಕ್ಕಾಗುವಷ್ಟು ಊಟದ ಡಬ್ಬಿ ಇತ್ತು. ಸರ್ವರಪ್ಪ ಎದ್ದು ನಿಂತು, ನಡೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ. ತಪ್ಪು ತನ್ನದು, ಮೇಡಂದಲ್ಲ ಎಂದೂ ಹೇಳಿದ. ಟೇಪಿನ ವಿಷಯವನ್ನೂ ಮುಚ್ಚಿಡಲಿಲ್ಲ.

ನಕ್ಷೆಯಕ್ಕ ಡಬ್ಬಿಯನ್ನು ನೆಲಕ್ಕಿಟ್ಟರು.

“ಎಲ್ಲಾ ಹೋಯ್ತಾ?”

“ಗೊತ್ತಿಲ್ಲಕ್ಕ. ಮೊದಲ ಭಾಗ ಅಂತೂ ಹೋಗಿದೆ.”

“ಟೇಪಲ್ಲಿದೆ, ನಿಶ್ಚಿಂತೆಯಾಗಿರಿ ಅಂತಿದ್ದೆ ನೀನು.”

“ಅಂದಿದ್ದೆ.”

ಆಕೆ ಕುರ್ಚಿ ಎಳೆದುಕೊಂಡು ಕೂತರು. ಧ್ವನಿ ಏರಿಸದೆ ಹೇಳಿದರು.

“ಇಪ್ಪತ್ತೆರಡು ವರ್ಷ ಆಯ್ತು ನಾನು ಮದುವೆಯಾಗಿ. ಮನೇಲಿ ಈಗಲೂ ನನ್ನ ಹೊಸ ಸೊಸೆ ಅಂತಾರೆ. ನಾನಾದ್ಮೇಲೆ ಇನ್ನಿಬ್ಬರು ಬಂದ್ರು, ಅವರಿಗೆ ಆ ಹೆಸರು ಸಿಗಲಿಲ್ಲ. ನಮ್ಮ ಜನ ಯಾವುದಕ್ಕಾದ್ರೂ ಒಂದ್ಸಲ ಹೊಸದು ಅಂದ್ರೆ ಮುಗೀತು. ನೀನು ಬೇರೆ ಊರಿಂದ ಬಂದವಳಮ್ಮ, ನಿನಗೆ ಹೇಗೆ ಗೊತ್ತಾಗ್ಬೇಕು.”

ಕೊನೆಯ ಮಾತು ತಂತ್ರಜ್ಞೆಗೆ ಹೇಳಿದ್ದು. ಅವಳು ಕಂಪನಿಗೆ ಫೋನ್ ಮಾಡಿ, ಸಂಜೆ ಹಿಂತಿರುಗುವುದಿಲ್ಲವೆಂದು ತಿಳಿಸಿದಳು.

ಮೊದಲು ಮಾಡಬೇಕಾದ ಕೆಲಸ ಏನೆನ್ನುವುದರಲ್ಲಿ ಇಬ್ಬರಿಗೂ ಅನುಮಾನವಿರಲಿಲ್ಲ. ಕೆಟ್ಟ ಡಿಸ್ಕಿನ ಮೇಲೆ ಇನ್ನು ಒಂದು ಅಕ್ಷರವನ್ನೂ ಬರೆಯದೆ, ಅದು ಇದ್ದ ಹಾಗೆಯೇ ಇನ್ನೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಬೇಕು. ರಿಪೇರಿ ಏನಿದ್ದರೂ ನಕಲಿನ ಮೇಲೆ. ಅಷ್ಟು ಜಾಗವಿದ್ದದ್ದು ಅಂದು ಬೆಳಿಗ್ಗೆ ಬಂದ ಅರೇಯಲ್ಲಿ ಮಾತ್ರ. ಈ ಸಲ ಯಾವ ಡಿಸ್ಕಿನಿಂದ ಯಾವ ಡಿಸ್ಕಿಗೆ ಎನ್ನುವುದನ್ನು ತಂತ್ರಜ್ಞೆ ಕಾಗದದ ಮೇಲೆ ಬರೆದಳು, ಸರ್ವರಪ್ಪ ಗಟ್ಟಿಯಾಗಿ ಓದಿದ, ನಕ್ಷೆಯಕ್ಕ ಪರದೆಯ ಅಂಕಿಗಳಿಗೆ ಬೆರಳಿಟ್ಟು ತಾಳೆ ನೋಡಿದರು. ಹನ್ನೆರಡೂ ಹತ್ತಕ್ಕೆ ಶುರುವಾದ ನಕಲು ಮುಗಿಯಲು ಮೂರೂವರೆ ಗಂಟೆ ಬೇಕಿತ್ತು.

ಆ ಹೊತ್ತಿನಲ್ಲಿ ಇನ್ನೊಂದು ತೊಡಕು ಗೊತ್ತಾಯಿತು. ಹಳೆಯ ವಿಂಗಡಣೆ ಅಳಿಸಿಹೋದದ್ದರಿಂದ, ಫೈಲುಗಳ ಭಾಗ ಡಿಸ್ಕಿನ ಯಾವ ಅಂಕಿಯಿಂದ ಶುರುವಾಗುತ್ತಿತ್ತು ಎನ್ನುವುದೇ ತಿಳಿಯದು. ಶುರು ತಿಳಿಯದೆ ರಿಪೇರಿ ಸಾಧ್ಯವಿಲ್ಲ. ಸರ್ವರಪ್ಪ ಹಿಂದಿನವರಿಗೆ ಫೋನ್ ಮಾಡಿದ. ಹೊಸದರ ಬಗ್ಗೆ ಕೇಳಬೇಕಿತ್ತು ಎಂದಾಗ ಅವರು, ಹೊಸದು ಬಂದದ್ದೇ ನನಗೆ ಹೇಳಲಿಲ್ಲವಲ್ಲ ಎಂದರು. ಯಾವ ಹೊಸದು ಎನ್ನುವುದು ಇತ್ಯರ್ಥವಾಗಲು ಎರಡು ನಿಮಿಷ ಹಿಡಿಯಿತು. ಅಂಕಿ ಅವರಿಗೆ ನೆನಪಿರಲಿಲ್ಲ. ಆದರೆ ಸೊನ್ನೆಯಿಂದ ಶುರು ಮಾಡಿರಲಿಲ್ಲ, ಬಟ್ಟೆ ಹೊಲಿಯುವವರು ಅಂಚು ಬಿಡುವಂತೆ ಸ್ವಲ್ಪ ಜಾಗ ಬಿಟ್ಟಿದ್ದೆ ಎಂದರು.

ತಂತ್ರಜ್ಞೆ ಅದನ್ನು ಹುಡುಕಲು ದಾರಿಯಿದೆ ಎಂದಳು. ಫೈಲುಗಳ ಭಾಗದ ವಿವರವೆಲ್ಲ ಇರುವ ತುಣುಕಿಗೆ ಸೂಪರ್‌ಬ್ಲಾಕ್ ಎನ್ನುತ್ತಾರೆ. ಅದು ಹಾಳಾದರೆ ಬೇಕಾಗುತ್ತದೆಂದು ಯುನಿಕ್ಸ್ ಅದರ ಪ್ರತಿಗಳನ್ನು ಡಿಸ್ಕಿನ ಉದ್ದಕ್ಕೂ ಗೊತ್ತಾದ ದೂರಕ್ಕೊಂದರಂತೆ ಇಡುತ್ತದೆ. ಡಿಸ್ಕಿನ ಮೊದಲ ಭಾಗದ ಪ್ರತಿಗಳು ಅಳಿದಿರಬಹುದು. ಹದಿನಾಲ್ಕು ಸೆಕೆಂಡಿನ ಬರವಣಿಗೆ ತಲುಪದ ಜಾಗದ ಪ್ರತಿಗಳು ಇರಲೇಬೇಕು. ಅಂಥವು ಎರಡು ಸಿಕ್ಕರೆ ನಡುವಿನ ದೂರ ತಿಳಿಯುತ್ತದೆ. ಆ ಅಳತೆ ಹಿಡಿದು ಹಿಂದಕ್ಕೆ ಎಣಿಸುತ್ತ ಹೋದರೆ ಶುರು ಸಿಗುತ್ತದೆ.

ವಾಲ್ವ್ ಹುಡುಕುವುದೂ ಹಾಗೆಯೇ ಎಂದರು ನಕ್ಷೆಯಕ್ಕ. ಬೀದಿಯ ಈ ತುದಿಯದು ಮಣ್ಣಲ್ಲಿ ಹೂತಿದ್ದರೆ ಮಾವ ಆ ತುದಿಯಿಂದ ಬರುತ್ತಿದ್ದರಂತೆ.

ಊಟ ಮಾಡಿದರು. ಸರ್ವರಪ್ಪ ಬೇಡವೆಂದ, ಹಸಿದ ಹೊಟ್ಟೆಯಲ್ಲಿ ಅಂಕಿ ಎಣಿಸಿ ಇನ್ನೊಂದು ಅನಾಹುತ ಮಾಡಬೇಡ ಎಂದು ನಕ್ಷೆಯಕ್ಕ ಗದರಿದ ಮೇಲೆ ತಿಂದ. ನಕಲು ನಡೆಯುತ್ತಿದ್ದಂತೆಯೇ ಹಳೆಯ ಡಿಸ್ಕನ್ನು ಬರೀ ಓದಿ ಹುಡುಕಿದಾಗ ಎರಡೂಕಾಲಿಗೆ ಮೊದಲ ಪ್ರತಿ ಸಿಕ್ಕಿತು, ಮೂರಕ್ಕೆ ಮುಂಚೆ ಮತ್ತೆ ನಾಲ್ಕು ಸಿಕ್ಕವು. ಹಿಂದಕ್ಕೆ ಎಣಿಸಿ ಬಂದ ಅಂಕಿಯನ್ನು ನಕಲಿನ ವಿಂಗಡಣೆಗೆ ಬರೆದು, ನಾಲ್ಕು ಗಂಟೆಗೆ ರಿಪೇರಿಯ ಆದೇಶ ಕೊಟ್ಟರು. ಮುಖ್ಯ ಎಂಜಿನಿಯರ್ ಅಷ್ಟರಲ್ಲಿ ಎರಡು ಸಲ ಫೋನ್ ಮಾಡಿ, ಸರ್ವರ್ ಇನ್ನೂ ಯಾಕೆ ಏಳಲಿಲ್ಲ ಎಂದು ಕೇಳಿದ್ದರು. ಎರಡನೆಯ ಸಲ ಸರ್ವರಪ್ಪ ಕಾರಣ ಹೇಳಿದ. ಅವರು, ನಾಳೆ ಒಂಬತ್ತಕ್ಕೆ ನನ್ನ ಕೋಣೆಗೆ ಬಾ ಎಂದರು.

ಐದೂಕಾಲಿಗೆ ರಿಪೇರಿ ಮುಗಿಯಿತು. ಫೈಲುಗಳು ಬಂದವು, ಹೆಸರುಗಳು ಬರಲಿಲ್ಲ. ಹಾಳೆಗಳ ಹೆಸರು ಬರೆದಿಟ್ಟಿದ್ದ ಕಡತ ಹದಿನಾಲ್ಕು ಸೆಕೆಂಡಿನಲ್ಲಿ ಅಳಿದ ಭಾಗದಲ್ಲಿತ್ತು. ಯಜಮಾನನಿಲ್ಲದ ಫೈಲುಗಳನ್ನು ಯುನಿಕ್ಸ್ ಬರೀ ಸಂಖ್ಯೆ ಕೊಟ್ಟು ಒಂದು ಕಡೆ ಗುಡ್ಡೆ ಹಾಕುತ್ತದೆ. ಗುಡ್ಡೆಯಲ್ಲಿದ್ದದ್ದು ಹನ್ನೊಂದು ಸಾವಿರ ಫೈಲುಗಳು. ನಕ್ಷೆಯ ಬಗೆಯವನ್ನು ಬೇರೆ ಮಾಡಿದಾಗ ಮುನ್ನೂರ ಎಂಬತ್ತೇಳು ಸಿಕ್ಕವು. ನಾಲ್ಕು ಇಲ್ಲ.

ಆ ನಾಲ್ಕು ಯಾವುವು ಎಂದು ತಿಳಿಯಬೇಕಾದರೆ ಉಳಿದವೆಲ್ಲ ಯಾವುವು ಎಂದು ಮೊದಲು ತಿಳಿಯಬೇಕಿತ್ತು. ಬೀದಿಗಳ ಹೆಸರು, ಮನೆಗಳ ಗುರುತು ಇದ್ದದ್ದು ಮೊದಲ ಅರೇಯ ಬೇರೆಯೇ ಹಾಳೆಗಳಲ್ಲಿ; ಯಾವುದಕ್ಕೆ ಯಾವುದು ಜೋಡಿ ಎಂದು ಹೇಳುತ್ತಿದ್ದದ್ದು ಫೈಲಿನ ಹೆಸರು ಮಾತ್ರ. ನಕ್ಷೆಯಕ್ಕನ ಹಾಳೆಗಳಲ್ಲಿ ಇದ್ದದ್ದು ಕೊಳವೆಗೆ ನೀಲಿ ಗೆರೆ, ವಾಲ್ವಿಗೆ ಕೆಂಪು ಚುಕ್ಕಿ. ಒಂದು ಅಕ್ಷರವೂ ಇರಲಿಲ್ಲ. ಪ್ರತಿ ಹಾಳೆಯ ಅಳತೆಯೂ ಸೊನ್ನೆಯಿಂದಲೇ ಶುರುವಾಗುತ್ತಿತ್ತು.

ಸರ್ವರಪ್ಪ ಮೊದಲ ಫೈಲನ್ನು ತೆರೆದು ತೋರಿಸಿದ. ನಾಲ್ಕು ನೀಲಿ ಗೆರೆ, ಒಂಬತ್ತು ಚುಕ್ಕಿ.

“ಇದು ಹಳೇ ಪ್ರೆಸ್ಸಿನ ಬೀದಿ,” ಎಂದರು ನಕ್ಷೆಯಕ್ಕ. “ಈ ತಿರುವಲ್ಲಿರೋದು ಎಡಚ. ಎಲ್ಲ ವಾಲ್ವೂ ಬಲಕ್ಕೆ ತಿರುಗಿಸಿದ್ರೆ ಮುಚ್ಚುತ್ತೆ, ಇದು ಎಡಕ್ಕೆ. ಇದರ ಪಕ್ಕದ್ದು ಅತ್ತೆ.”

“ಅತ್ತೆ ಅಂದ್ರೆ?” ತಂತ್ರಜ್ಞೆ ಕೇಳಿದಳು.

“ಎಷ್ಟು ತಿರುಗಿಸಿದ್ರೂ ಪೂರ್ತಿ ಬಾಯಿ ಮುಚ್ಚಲ್ಲ. ಮಾವ ಇಟ್ಟ ಹೆಸರು. ನಮ್ಮತ್ತೆ ಮುಂದೆ ಮಾತ್ರ ಆ ವಾಲ್ವಿನ ಸುದ್ದಿ ಎತ್ತುತ್ತಿರಲಿಲ್ಲ.”

ತಂತ್ರಜ್ಞೆ ಅಂದು ಮೊದಲ ಸಲ ನಕ್ಕಳು. ಆರು ಗಂಟೆಗೆ ಮೂವರೂ ಬಾಗಿಲು ಹಾಕಿ ಮನೆಗೆ ಹೋದರು.

ಸೋಮವಾರ ಬೆಳಿಗ್ಗೆಯಿಂದ ನಕ್ಷೆಯಕ್ಕ ಸರ್ವರ್ ಕೋಣೆಯ ಪಕ್ಕದ ಮೇಜಿನಲ್ಲಿ ಕೂತು ಒಂದೊಂದೇ ಹಾಳೆಗೆ ಹೆಸರು ಹೇಳಿದರು. ಸರ್ವರಪ್ಪ ಟೈಪು ಮಾಡಿದ. ಒಂಬತ್ತಕ್ಕೆ ಅವನು ಎದ್ದು ಮುಖ್ಯ ಎಂಜಿನಿಯರರ ಕೋಣೆಗೆ ಹೋಗಿ, ಒಂಬತ್ತೂಮುಕ್ಕಾಲಿಗೆ ಬಂದು ಮತ್ತೆ ಕೂತ. ಒಳಗೆ ಏನಾಯಿತೆಂದು ಆಕೆ ಕೇಳಲಿಲ್ಲ. ಹೇಳಿಕೆ ಬರೆದುಕೊಡಬೇಕಂತೆ ಎಂದು ಅವನೇ ಹೇಳಿದ. ತಪ್ಪನ್ನು ಒಪ್ಪಿಕೊಂಡು ಒಂದೂವರೆ ಪುಟ ಬರೆದುಕೊಟ್ಟ. ಅದಕ್ಕೆ ನಕ್ಷೆಯಕ್ಕನೂ ಒಂದು ಸಾಲು ಸೇರಿಸಿದರು: ಹಾಳೆಗಳ ಮೇಲೆ ಹೆಸರು ಬರೆಯದೆ ಬಿಟ್ಟದ್ದು ನಾನು.

ಮೊದಲ ದಿನ ನೂರ ನಲವತ್ತು ಹಾಳೆಗಳಾದವು. ಕೆಲವಕ್ಕೆ ಐದು ಸೆಕೆಂಡು ಸಾಕಾಗುತ್ತಿತ್ತು, ಕೆಲವಕ್ಕೆ ಕಾಲು ಗಂಟೆ. ತೋಚದಿದ್ದಾಗ ಆಕೆ ಕಣ್ಣು ಮುಚ್ಚಿ, ಟೇಪು ಹಿಡಿದವರಂತೆ ಬಲಗೈಯನ್ನು ಸ್ವಲ್ಪ ಮುಂದೆ ಚಾಚುತ್ತಿದ್ದರು. ಇಲ್ಲಿ ನಾಯಿ ಅಟ್ಟಿಸಿಕೊಂಡು ಬಂದಿತ್ತು, ಇಲ್ಲಿ ಮಾವ ನಾಲ್ಕು ಮಾರು ಎಂದದ್ದು ಅಳೆದರೆ ಆರಾಗಿತ್ತು, ಟೇಪೇ ಸುಳ್ಳು ಎಂದು ಜಗಳ ತೆಗೆದಿದ್ದರು ಎನ್ನುತ್ತಿದ್ದರು. ಎರಡು ಹಾಳೆಗಳಿಗೆ ತಪ್ಪು ಹೆಸರು ಹೇಳಿ, ಮರುದಿನ ತಾವೇ ತಿದ್ದಿದರು. ಬುಧವಾರ ಮಧ್ಯಾಹ್ನ ಮುನ್ನೂರ ಎಂಬತ್ತೇಳನೆಯ ಹಾಳೆಗೂ ಹೆಸರು ಬಿತ್ತು.

ಇಲ್ಲದ ನಾಲ್ಕೂ ಗೋದಾಮುಗಳ ಹಿಂದಿನ ಬಡಾವಣೆಯವು. ಅಲ್ಲಿ ಇಪ್ಪತ್ಮೂರು ವಾಲ್ವ್‌ಗಳಿದ್ದವೆಂದು ನಕ್ಷೆಯಕ್ಕನಿಗೆ ನೆನಪಿತ್ತು, ಜಾಗ ಎಲ್ಲದರದೂ ನೆನಪಿರಲಿಲ್ಲ. ಅದು ಮಾವ ಕೊನೆಗೆ ತೋರಿಸಿದ ಬಡಾವಣೆ. ಆ ವೇಳೆಗೆ ಅವರಿಗೆ ನಡೆಯಲಾಗುತ್ತಿರಲಿಲ್ಲ. ಮನೆಯಲ್ಲಿ ಕೂತು ಬಾಯಲ್ಲಿ ಹೇಳಿದ್ದನ್ನು ಆಕೆ ಒಬ್ಬರೇ ಹೋಗಿ ಅಳೆದುಕೊಂಡು ಬಂದಿದ್ದರು.

ಮುಂದಿನ ಗುರುವಾರ ಇಬ್ಬರು ಕೆಲಸದವರು, ಒಂದು ಕಬ್ಬಿಣದ ಸಲಾಕೆ, ಒಂದು ಟೇಪು ತೆಗೆದುಕೊಂಡು ನಕ್ಷೆಯಕ್ಕ ಗೋದಾಮುಗಳ ಹಿಂದಕ್ಕೆ ಹೋದರು. ರಜೆ ಹಾಕಿ ಸರ್ವರಪ್ಪನೂ ಹೋದ. ಟೇಪಿನ ಇನ್ನೊಂದು ತುದಿ ಹಿಡಿಯುವ ಕೆಲಸ ಅವನದಾಯಿತು. ಮೂರು ದಿನದಲ್ಲಿ ಇಪ್ಪತ್ತೊಂದು ವಾಲ್ವ್ ಸಿಕ್ಕವು. ಎರಡು ವರ್ಷದ ಹಿಂದೆ ಹೊಸದಾಗಿ ಕಾಂಕ್ರೀಟು ಹಾಕಿದ ರಸ್ತೆಯಲ್ಲಿ ಸಲಾಕೆ ಇಳಿಯದೆ ಎರಡು ಸಿಗಲಿಲ್ಲ. ಮರುತಿಂಗಳು ಆ ರಸ್ತೆಯಲ್ಲಿ ಕೊಳವೆ ಒಡೆದಾಗ, ನಿಲ್ಲಿಸಲು ಹತ್ತಿರದ ವಾಲ್ವ್ ಸಿಗದೆ ಇಡೀ ಬಡಾವಣೆಗೆ ಒಂಬತ್ತು ಗಂಟೆ ನೀರು ನಿಲ್ಲಿಸಬೇಕಾಯಿತು.